ಗೇಟಿನೊಳಗೆ ಏಳು ದಿನ

ಪ್ರಶ್ನೆ: ಅಕ್ಕಾ, ನಿಮ್ಮ ಅಂಕಣಕ್ಕೆ ದೊಡ್ಡ ದೊಡ್ಡ ಕಷ್ಟಗಳೇ ಬರುತ್ತವೆ, ನನ್ನದು ಓದಿ ನಗಬೇಡಿ. ನಮ್ಮೂರು ಸಾಗರದ ಹತ್ತಿರ. ಮದುವೆಯಾಗಿ ಐದು ತಿಂಗಳು, ಹಿರಿಯರು ನೋಡಿ ಮಾಡಿದ ಸಂಬಂಧ. ಮದುವೆಯಾದ ಹನ್ನೆರಡನೇ ದಿನಕ್ಕೆ ಇವರು ನ್ಯೂಜೆರ್ಸಿಗೆ ಹೊರಟರು. ಎಚ್-4 ವೀಸಾ ಸಿಕ್ಕಿ ನಾನು ಬಂದು ಎರಡು ತಿಂಗಳಾಯ್ತು. ಹನಿಮೂನ್ ಅಂತ ಎಲ್ಲಿಗೂ ಹೋಗಿಲ್ಲ. ಇವರ ಆಫೀಸಿನವರೆಲ್ಲ ಕೆರಿಬಿಯನ್‌ಗೆ ಹೋಗಿ ಬಂದವರೇ. ‘ಆಲ್ ಇನ್‌ಕ್ಲೂಸಿವ್’ ರೆಸಾರ್ಟ್ ತಗೊಳ್ಳಿ, ಒಂದು ಸಲ ದುಡ್ಡು ಕಟ್ಟಿದರೆ ಊಟ, ಡ್ರಿಂಕ್ಸ್, ಆಟ ಎಲ್ಲ ಅದರಲ್ಲೇ ಅಂತಾರೆ. ಇವರು ಎಕ್ಸೆಲ್‌ನಲ್ಲಿ 23 ರೆಸಾರ್ಟ್ ಪಟ್ಟಿ ಮಾಡಿದ್ದಾರೆ. ಜಮೈಕಾ, ಪುಂಟಾ ಕಾನಾ, ಬಾರ್ಬಡೋಸ್, ಅರೂಬಾ ಎಲ್ಲ ಇದೆ. ಎಷ್ಟು ಸ್ಟಾರ್, ಎಷ್ಟು ಪೂಲ್, ಎಷ್ಟು ರೆಸ್ಟೋರೆಂಟ್ ಅಂತ ಹದಿನಾಲ್ಕು ಕಾಲಂ. ಸೆಪ್ಟೆಂಬರ್‌ನಲ್ಲಿ ರೇಟು ಇಳಿದಿರುತ್ತೆ, ಆಗಲೇ ಏಳು ರಾತ್ರಿ ಬುಕ್ ಮಾಡೋಣ ಅಂತ ಇವರ ಹಟ. (ಇವರ ವೀಸಾ ಸ್ಟ್ಯಾಂಪ್ ಆಗಸ್ಟ್‌ಗೆ ಮುಗಿಯುತ್ತೆ. ಆದರೆ ಐ-797 ಇನ್ನೂ ಎರಡು ವರ್ಷ ಇದೆ, ಹಾಗಾಗಿ ತೊಂದರೆ ಇಲ್ಲವಂತೆ.) ನಾನು ಮೊಟ್ಟೆಯನ್ನೂ ತಿನ್ನಲ್ಲ, ಕುಡಿಯಲ್ಲ. ಇವರದ್ದು ಎರಡು ಬಿಯರ್‌ಗೆ ಮುಗೀತು. ನನಗೆ ಈಜು ಬರಲ್ಲ. ಅಲ್ಲಿಯವರ ಥರ ಬಟ್ಟೆ ಹಾಕೋಕೂ ಆಗಲ್ಲ. ನೀವೇ ಒಂದು ರೆಸಾರ್ಟ್ ಹೆಸರು ಹೇಳಿಬಿಡಿ. ಇಷ್ಟು ದುಡ್ಡಲ್ಲಿ ಕಾಶಿ, ಗಯಾ ಎರಡೂ ಆಗ್ತಿತ್ತು ಅಂತ ಅತ್ತೆಯವರು ಎರಡು ಸಲ ಅಂದಿದ್ದಾರೆ. ಇನ್ನೊಂದು, ಏಳು ದಿನ ಇಬ್ಬರೇ ಕೂತು ಏನು ಮಾತಾಡೋದು ಅಂತ ನನಗೆ ಒಳಗೊಳಗೇ ಭಯ. ಇದನ್ನು ಯಾರಿಗೂ ಹೇಳಿಲ್ಲ. ಹೆಸರು ಹಾಕಬೇಡಿ ಅಕ್ಕಾ, ಬಹುವಚನವೂ ಬೇಡ.

ಉತ್ತರ: ನಕ್ಕೆ, ಸುಳ್ಳು ಯಾಕೆ ಹೇಳಲಿ. ಆದರೆ ನಕ್ಕಿದ್ದು ನಿನಗಲ್ಲ, ಅತ್ತೆಯವರ ಕಾಶಿ-ಗಯಾ ಲೆಕ್ಕಕ್ಕೆ. ನೀನು ಆವರಣದೊಳಗೆ ಬರೆದ ಸಾಲಿಗೆ ಬಂದಾಗ ಮಾತ್ರ ನಗು ಅಲ್ಲೇ ನಿಂತಿತು.

ಮೊದಲು ಅದನ್ನೇ ಮುಗಿಸುತ್ತೇನೆ. ಐ-797 ಅನ್ನುವ ಕಾಗದ ನಿನ್ನ ಗಂಡ ಅಮೆರಿಕದ ಒಳಗಿದ್ದು ಕೆಲಸ ಮಾಡುವುದಕ್ಕೆ ಅನುಮತಿ. ಹೊರಗೆ ಹೋದವರು ಮತ್ತೆ ಒಳಗೆ ಬರಬೇಕಾದರೆ ಪಾಸ್‌ಪೋರ್ಟಿನಲ್ಲಿರುವ ವೀಸಾ ಸ್ಟ್ಯಾಂಪ್ ಜೀವಂತ ಇರಬೇಕು. ಅವರದು ಆಗಸ್ಟ್‌ಗೆ ಮುಗಿಯುತ್ತದೆ. ನಿನ್ನದು ಈಚೆಗೆ ಆಗಿದ್ದು, ಇನ್ನೂ ಬಾಳುತ್ತದೆ. ಅಂದರೆ ಸೆಪ್ಟೆಂಬರ್‌ನಲ್ಲಿ ಜಮೈಕಾಕ್ಕೆ ಹೋದರೆ ವಾಪಸ್ ಬರುವಾಗ ವಿಮಾನ ನಿನ್ನನ್ನು ಹತ್ತಿಸಿಕೊಳ್ಳುತ್ತದೆ, ಅವರನ್ನು ಅಲ್ಲೇ ಬಿಡುತ್ತದೆ. ಅಲ್ಲಿಂದ ಅವರು ಸ್ಟ್ಯಾಂಪಿಂಗ್‌ಗೆ ಭಾರತದ ವಿಮಾನ ಹಿಡಿಯಬೇಕಾದೀತು. ಹನಿಮೂನ್‌ನಿಂದ ಒಬ್ಬಳೇ ಮನೆಗೆ ಬರುವುದು ಅಂದರೆ ಹೇಗಿರುತ್ತೆ, ಯೋಚನೆ ಮಾಡು.

‘ನಾನು ಮೆಕ್ಸಿಕೋದ ಕ್ಯಾಂಕುನ್‌ಗೆ ಹೋಗಿ ಬಂದೆ, ಯಾರೂ ಏನೂ ಕೇಳಲಿಲ್ಲ’ ಎಂದು ಆಫೀಸಿನಲ್ಲಿ ಯಾರೋ ಹೇಳಿರುತ್ತಾರೆ. ಕೆನಡಾ ಮತ್ತು ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಬರುವವರಿಗೆ ಮುಗಿದ ಸ್ಟ್ಯಾಂಪಿನ ಮೇಲೂ ಒಳಗೆ ಬಿಡುವ ಒಂದು ವಿನಾಯಿತಿ ಇದೆ, ನಿಜ. ನಿನ್ನವರಂಥ ಎಚ್-1ಬಿ ಕೆಲಸದ ವೀಸಾದವರಿಗೆ ಅದು ಕೆರಿಬಿಯನ್ ದ್ವೀಪಗಳಿಗೆ ಸಿಗುವುದಿಲ್ಲ. ನನ್ನ ಮಾತನ್ನೂ ನಂಬಬೇಡಿ, ಟಿಕೆಟ್ ತೆಗೆಯುವ ಮೊದಲು ಅವರ ಕಂಪನಿಯ ವಕೀಲರಿಗೆ ಒಂದು ಮೇಲ್ ಹಾಕಲಿ. ಹಾಗಾಗಿ ನಿಮಗೆ ಉಳಿದಿರುವುದು ಎರಡು ದಾರಿ. ಒಂದು, ಸ್ಟ್ಯಾಂಪ್ ಇರುವಾಗಲೇ, ಮೇ ಕೊನೆಗೋ ಜೂನ್ ಮೊದಲ ವಾರಕ್ಕೋ ಹೋಗಿ ಬರುವುದು. ಇನ್ನೊಂದು, ಪೋರ್ಟೊ ರಿಕೊ ಅಥವಾ ಅಮೆರಿಕದ್ದೇ ಆದ ವರ್ಜಿನ್ ದ್ವೀಪಗಳು. ಸಮುದ್ರ ಅದೇ ಕೆರಿಬಿಯನ್, ನೆಲ ಅಮೆರಿಕದ್ದು, ದೇಶ ಬಿಟ್ಟ ಹಾಗೆ ಆಗುವುದಿಲ್ಲ. ಅಲ್ಲಿಗೆ ಹೋದರೂ ಪಾಸ್‌ಪೋರ್ಟ್, ಐ-797, ಐ-94 (ದೇಶದೊಳಗೆ ಬಂದ ದಾಖಲೆ) ಮೂರೂ ಕೈಚೀಲದಲ್ಲಿರಲಿ. ವರ್ಜಿನ್ ದ್ವೀಪದಿಂದ ಹೊರಡುವಾಗ ತಪಾಸಣೆ ಇರುತ್ತದೆ. ಆದರೆ ಅಲ್ಲೆಲ್ಲ ‘ಎಲ್ಲ ಸೇರಿದ’ (ಆಲ್ ಇನ್‌ಕ್ಲೂಸಿವ್) ರೆಸಾರ್ಟ್‌ಗಳು ಕಡಿಮೆ.

ವೀಸಾ ಸರಿಯಿದ್ದರೂ ಸೆಪ್ಟೆಂಬರ್ ಬೇಡ ಅನ್ನುತ್ತಿದ್ದೆ. ರೇಟು ಯಾಕೆ ಇಳಿಯುತ್ತೆ ಅಂತ ನಿನ್ನವರು ಕೇಳಿಕೊಂಡಿದ್ದಾರಾ? ಅಟ್ಲಾಂಟಿಕ್ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ನೆತ್ತಿ ಸೆಪ್ಟೆಂಬರ್. 2025ರ ಅಕ್ಟೋಬರ್ 28ರಂದು ಮೆಲಿಸ್ಸಾ 5ನೇ ದರ್ಜೆಯ ಚಂಡಮಾರುತವಾಗಿ ಜಮೈಕಾದ ನೈಋತ್ಯ ಕರಾವಳಿಗೆ ಬಡಿಯಿತು. 2024ರಲ್ಲಿ ಜುಲೈ 1ಕ್ಕೇ ಬೆರಿಲ್ ಬಂದು ಗ್ರೆನಡಾದ ಪುಟ್ಟ ಕ್ಯಾರಿಯಕೂ ದ್ವೀಪವನ್ನು ಮಟ್ಟಸ ಮಾಡಿತ್ತು. ಅರೂಬಾ, ಬೊನೇರ್, ಕುರಸಾವ್ ಈ ಮೂರು ಮಾತ್ರ ತೀರಾ ದಕ್ಷಿಣಕ್ಕೆ, ವೆನೆಜುವೆಲಾದ ಮಗ್ಗುಲಲ್ಲಿ ಇರುವುದರಿಂದ ಗಾಳಿಯ ದಾರಿಗೆ ಸಿಗುವುದು ಅಪರೂಪ. ಸೆಪ್ಟೆಂಬರ್‌ಗೆ ಯಾರಾದರೂ ಹೋಗಲೇಬೇಕಾದರೆ ಅಲ್ಲಿಗೆ ಹೋಗಲಿ. ಪ್ರವಾಸ ವಿಮೆ ಮಾಡಿಸುವುದಾದರೆ ಮೊದಲೇ ಮಾಡಿಸಬೇಕು. ಚಂಡಮಾರುತಕ್ಕೆ ಒಮ್ಮೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಆ ಮಾರುತಕ್ಕೆ ದುಡ್ಡು ಕೊಡುವುದಿಲ್ಲ.

ಮೇ-ಜೂನ್‌ಗೆ ಬೇರೆ ಒಂದು ತರಲೆ ಇದೆ, ಅದು ಪಾಚಿ. ಸರ್ಗಾಸಂ ಅನ್ನುವ ಕಂದು ಬಣ್ಣದ ಕಳೆ 2011ರಿಂದ ಈಚೆಗೆ ಅಟ್ಲಾಂಟಿಕ್ ನಡುವಿನಿಂದ ರಾಶಿ ರಾಶಿಯಾಗಿ ತೇಲಿ ಬಂದು ದಡಕ್ಕೆ ಬೀಳುತ್ತಿದೆ. ಬಿದ್ದದ್ದು ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ. ಮೊಟ್ಟೆ ಮುಟ್ಟದ ನಿನ್ನಂಥವಳಿಗೆ ಬೇರೆ ಹೇಳಬೇಕೆ. ಅದು ಪೂರ್ವದಿಂದ ಬರುವುದರಿಂದ ಪೂರ್ವಕ್ಕೆ ಮುಖ ಮಾಡಿದ ದಡಗಳಿಗೆ ಹೆಚ್ಚು ಕಾಟ. ನಿಮ್ಮ ಪಟ್ಟಿಯಲ್ಲಿರುವ ಪುಂಟಾ ಕಾನಾ ಅಂಥದ್ದು. ಬಾರ್ಬಡೋಸಿನ ಪೂರ್ವ ದಡವೂ ಹಾಗೆಯೇ. ಫೋಟೋದಲ್ಲಿ ಬಿಳಿ ಮರಳು, ನೀಲಿ ನೀರು ಇರುತ್ತದೆ. ಆ ಫೋಟೋ ಯಾವ ತಿಂಗಳಲ್ಲಿ ತೆಗೆದದ್ದು ಅಂತ ಯಾರೂ ಬರೆದಿರುವುದಿಲ್ಲ. ಪಶ್ಚಿಮಕ್ಕೆ ಮುಖ ಮಾಡಿದ ದಡ ನೋಡಿ. ಜಮೈಕಾದ ತುದಿಯಲ್ಲಿರುವ ನೆಗ್ರಿಲ್‌ನ ಸೆವೆನ್ ಮೈಲ್ ಬೀಚ್ (ಹೆಸರಿಗೆ ಏಳು ಮೈಲಿ, ಅಳೆದರೆ ಅಷ್ಟಿಲ್ಲ) ಅಂಥ ದಡ. ನೀರು ಶಾಂತ, ತುಂಬ ದೂರದವರೆಗೆ ಸೊಂಟಮಟ್ಟ, ಈಜು ಬಾರದವರಿಗೂ ಹೆದರಿಕೆಯಿಲ್ಲ. ಹೊನ್ನಾವರ, ಗೋಕರ್ಣದ ಹಾಗೆ ಸಂಜೆ ಸೂರ್ಯ ನೀರಿಗೇ ಇಳಿಯುತ್ತಾನೆ. ಭಾರತೀಯ ಪಾಸ್‌ಪೋರ್ಟಿನವರಿಗೆ ಜಮೈಕಾಕ್ಕೆ ಪ್ರವಾಸಿ ವೀಸಾ ಬೇಕಿಲ್ಲ, ಬಾರ್ಬಡೋಸಿಗೂ ಬೇಕಿಲ್ಲ. ಡೊಮಿನಿಕನ್ ಗಣರಾಜ್ಯಕ್ಕೆ, ಅಂದರೆ ಪುಂಟಾ ಕಾನಾಕ್ಕೆ, ಚಾಲ್ತಿಯಲ್ಲಿರುವ ಅಮೆರಿಕನ್ ವೀಸಾ ಇದ್ದರೆ ಸಾಕು. ಈ ನಿಯಮಗಳು ಆಗಾಗ ಬದಲಾಗುತ್ತವೆ, ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಿ.

ಜಮೈಕಾದ ಹೋಟೆಲಿನವರಿಗೆ ಫೋನ್ ಮಾಡಿದಾಗ ‘ತೆರೆದಿದ್ದೀರಾ’ ಎಂದಷ್ಟೇ ಕೇಳಬೇಡಿ, ಹೂಂ ಅಂದುಬಿಡುತ್ತಾರೆ. ಮೆಲಿಸ್ಸಾ ಆದ ಮೇಲೆ ಯಾವ ರೆಸ್ಟೋರೆಂಟ್, ಯಾವ ಪೂಲ್, ಯಾವ ಕಟ್ಟಡ ಇನ್ನೂ ರಿಪೇರಿಯಲ್ಲಿದೆ ಎಂದು ಕೇಳಿ. ಬೆಳಿಗ್ಗೆ ಎಂಟಕ್ಕೆ ಡ್ರಿಲ್ಲಿಂಗ್ ಶುರುವಾಗುವ ಗೋಡೆಯ ಪಕ್ಕದ ರೂಮು ಕೊಟ್ಟರೆ ಐದು ಸ್ಟಾರ್ ತಗೊಂಡು ಏನು ಮಾಡುತ್ತೀರಿ.

ಈಗ ಈ ಎಲ್ಲ ಸೇರಿದ ಪದ್ಧತಿಯ ವಿಷಯ. ಇದು ಕೆರಿಬಿಯನ್ನಿನಲ್ಲೇ ಹುಟ್ಟಿದ್ದಲ್ಲ. 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಕ್ಲಬ್ ಮೆಡ್‌ನವರು ಟೆಂಟು ಹಾಕಿ ಶುರು ಮಾಡಿದ್ದು. ಜಮೈಕಾದಲ್ಲಿ ಜಾನ್ ಇಸ್ಸಾ 1978ರಲ್ಲಿ ಓಚೊ ರಿಯೋಸ್ ಬಳಿ ‘ಕಪಲ್ಸ್’ ತೆರೆದರು, ಜೋಡಿಗಳಿಗೆ ಮಾತ್ರ. 1981ರಲ್ಲಿ ಗಾರ್ಡನ್ ಸ್ಟೂವರ್ಟ್, ಅಲ್ಲಿಯವರೆಗೆ ಏರ್ ಕಂಡಿಷನರ್ ಮಾರುತ್ತಿದ್ದವರು, ಮಾಂಟೆಗೋ ಬೇಯಲ್ಲಿ ‘ಸ್ಯಾಂಡಲ್ಸ್’ ಶುರು ಮಾಡಿದರು. ಆ ಕಾಲದಲ್ಲಿ ಜಮೈಕಾದ ರಾಜಕೀಯ ಗಲಭೆಯ ಸುದ್ದಿ ಕೇಳಿ ಪ್ರವಾಸಿಗರು ರಸ್ತೆಗೆ ಇಳಿಯಲು ಹೆದರುತ್ತಿದ್ದರು. ಗೇಟಿನೊಳಗೇ ಎಲ್ಲ ಇದೆ, ಜೇಬಿಗೆ ಕೈ ಹಾಕಬೇಕಿಲ್ಲ ಎನ್ನುವ ಮಾತಿಗೆ ಆಗ ಬೆಲೆ ಬಂತು.

ನಾನೂ ಒಮ್ಮೆ ಆ ಗೇಟಿನೊಳಗೆ ಇದ್ದು ಬಂದವಳು. ನ್ಯೂಜೆರ್ಸಿಯಲ್ಲಿರುವ ಮಗಳು-ಅಳಿಯ ನಮ್ಮಿಬ್ಬರನ್ನೂ ಕಟ್ಟಿಕೊಂಡು ಜಮೈಕಾಕ್ಕೆ ಹೋಗಿದ್ದರು. ಮಾಂಟೆಗೋ ಬೇ ವಿಮಾನ ನಿಲ್ದಾಣದಿಂದ ನೆಗ್ರಿಲ್‌ಗೆ ಒಂದೂವರೆ ಗಂಟೆ ವ್ಯಾನು. ಚಾಲಕ ಊರು ಯಾವುದು ಎಂದ. ಬೆಂಗಳೂರು ಎಂದದ್ದೇ ತಡ, ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಎತ್ತಿ ‘ಗೇಲ್! ಒಂದು ನೂರಾ ಎಪ್ಪತ್ತೈದು!’ ಎಂದು ಕೂಗಿದ. 2013ರಲ್ಲಿ ಜಮೈಕಾದ ಕ್ರಿಕೆಟಿಗ ಕ್ರಿಸ್ ಗೇಲ್ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೊಡೆದ ರನ್ನು, ಅವನಿಗೆ ಬಾಯಿಪಾಠ. ನಮ್ಮ ಯಜಮಾನರಿಗೆ ರಸ್ತೆಯ ಚಿಂತೆ, ಅವನಿಗೆ ಸಿಕ್ಸರ್‌ಗಳ ಚಿಂತೆ.

ರಿಸೆಪ್ಷನ್‌ನಲ್ಲಿ ಎಡಗೈಗೆ ಒಂದು ಪ್ಲಾಸ್ಟಿಕ್ ಪಟ್ಟಿ ಬಿಗಿದರು. ಬಾಗಿಲಲ್ಲಿ, ಊಟದ ಮನೆಯಲ್ಲಿ, ಬಾರಿನಲ್ಲಿ ಅದನ್ನು ತೋರಿಸಿದರೆ ಆಯಿತು. ಸ್ನಾನ ಮಾಡುವಾಗಲೂ ಬಿಚ್ಚಲು ಬರುವುದಿಲ್ಲ. ಬಳೆಯ ಪಕ್ಕದಲ್ಲಿ ಅದು ದಿನವಿಡೀ ಚುಚ್ಚುತ್ತಿತ್ತು; ಕೊನೆಗೆ ಮನೆಗೆ ಬಂದ ಮೇಲೆ ಉಗುರು ಕತ್ತರಿಯಿಂದ ಕತ್ತರಿಸಿ ತೆಗೆದೆ. ಎರಡನೇ ಬೆಳಿಗ್ಗೆ ಪ್ಯಾಡು ಹಿಡಿದ ಹುಡುಗಿಯೊಬ್ಬಳು ‘ಸ್ವಾಗತದ ತಿಂಡಿ ಇದೆ, ತೊಂಬತ್ತೇ ನಿಮಿಷ, ಉಡುಗೊರೆಯೂ ಇದೆ’ ಎಂದು ಕರೆದಳು. ಹೋದೆವು. ಅದು ವರ್ಷಕ್ಕೊಂದು ವಾರದ ರೂಮನ್ನು ಜೀವಮಾನಕ್ಕೆ ಮಾರುವ ವ್ಯಾಪಾರ. ತೊಂಬತ್ತು ನಿಮಿಷ ಮೂರೂವರೆ ಗಂಟೆ ಆಯಿತು. ಅರ್ಧ ತಪ್ಪು ನಮ್ಮದೇ, ಯಜಮಾನರು ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಇದ್ದವರು, ಬಡ್ಡಿ ದರ ಕೇಳಲು ಶುರು ಮಾಡಿಬಿಟ್ಟರು. ನೀವು ಯಾವ ರೆಸಾರ್ಟಿಗೇ ಹೋಗಿ, ಲಾಬಿಯಲ್ಲಿ ಯಾರಾದರೂ ಪುಕ್ಕಟೆ ತಿಂಡಿಗೆ ಕರೆದರೆ ‘ನಾವು ಉಪವಾಸ’ ಅಂದುಬಿಡಿ.

ನಿನ್ನ ಊಟದ ಚಿಂತೆ ಅರ್ಥವಾಗುತ್ತದೆ, ಆದರೆ ನೀನು ಅಂದುಕೊಂಡಷ್ಟು ಕಷ್ಟವಿಲ್ಲ. ಬೆಳಗಿನ ಬಫೆಯಲ್ಲಿ ಒಂದು ಪಾತ್ರೆಯ ಮುಚ್ಚಳ ಎತ್ತಿ ನೋಡಿದೆ. ಬೆಂದ ಸೊಪ್ಪು, ಈರುಳ್ಳಿ, ಟೊಮೇಟೊ. ‘ಕ್ಯಾಲಲೂ’ ಎಂದು ಬೋರ್ಡು. ಬಾಯಿಗಿಟ್ಟರೆ ನಮ್ಮ ದಂಟಿನ ಸೊಪ್ಪೇ! ತೆಂಗಿನ ತುರಿ ಮತ್ತು ಸಾಸಿವೆ ಒಗ್ಗರಣೆ ಬಿದ್ದಿದ್ದರೆ ಪಲ್ಯ ಅನ್ನಬಹುದಿತ್ತು. ಕೆಲವು ದಿನ ಅದಕ್ಕೆ ಉಪ್ಪುಮೀನು ಸೇರಿಸುತ್ತಾರೆ, ಮೊದಲೇ ಕೇಳಬೇಕು. ಕರಾವಳಿಯವರು ಜೀಗುಜ್ಜೆ ಅನ್ನುವ ಕಾಯನ್ನು ಅಲ್ಲಿ ಕೆಂಡದಲ್ಲಿ ಸುಟ್ಟು ಕೊಡುತ್ತಾರೆ. ‘ರೈಸ್ ಅಂಡ್ ಪೀಸ್’ ಅಂದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ರಾಜ್ಮಾ ಅನ್ನ. ಪುಂಡಿ ಗಿಡದ ಬಳಗದ ಕೆಂಪು ಹೂವಿನ ಶರಬತ್ತು ಕೂಡ ಸಿಗುತ್ತದೆ, ಶುಂಠಿ ಹಾಕಿರುತ್ತಾರೆ. 1845ರಿಂದ ಕಬ್ಬಿನ ಗದ್ದೆಗೆ ಕೂಲಿಗಳಾಗಿ ಹೋದ ನಮ್ಮವರ ಕೈಗುಣ ಅಲ್ಲಿಯ ಕರಿ, ರೊಟ್ಟಿಯಲ್ಲಿ ಇನ್ನೂ ಉಳಿದಿದೆ. ರಾಸ್ತಫಾರಿ ಪಂಥದವರ ‘ಐಟಲ್’ ಅಡುಗೆ ಬಹುಮಟ್ಟಿಗೆ ಸಸ್ಯಾಹಾರವೇ. ಆದರೆ ಅದು ಸಿಗುವುದು ಗೇಟಿನ ಹೊರಗೆ, ರಸ್ತೆ ಬದಿಯ ಗೂಡಿನಲ್ಲಿ. ಒಳಗೆ ‘ವೆಜಿಟೇರಿಯನ್’ ಎಂದರೆ ಮೀನು ತಂದಿಡುವವರೂ ಉಂಟು. ಮಾಂಸ, ಕೋಳಿ, ಮೀನು, ಮೊಟ್ಟೆ ಯಾವುದೂ ಬೇಡ ಎಂದು ಒಂದೊಂದನ್ನೇ ಎಣಿಸಿ ಹೇಳು. ಸೂಪಿನ ಬಗ್ಗೆ ಎರಡು ಸಲ ಕೇಳು.

ಲೆಕ್ಕಕ್ಕೆ ಬರೋಣ. ಎಲ್ಲ ಸೇರಿದ ದರದಲ್ಲಿ ಮದ್ಯದ ದುಡ್ಡೂ ಸೇರಿದೆ. ಬೆಳಿಗ್ಗೆ ಹತ್ತರಿಂದ ಪೂಲಿನ ಬಾರಿನಲ್ಲಿ ಕೂರುವವರಿಗೆ ಅದು ಲಾಭ. ನಿನ್ನ ಶರಬತ್ತು ಮತ್ತು ಅವರ ಎರಡು ಬಿಯರ್‌ಗೆ ನೀವು ಬೇರೆಯವರ ರಮ್ಮಿನ ಬಿಲ್ಲು ಕಟ್ಟಿದ ಹಾಗೆ. ಮೇಲಾಗಿ ದರ ಒಬ್ಬರಿಗೋ ಇಬ್ಬರಿಗೋ, ತೆರಿಗೆ ಸೇರಿದೆಯೋ, ವಿಮಾನ ನಿಲ್ದಾಣದಿಂದ ಕರೆದೊಯ್ಯುವುದು ಸೇರಿದೆಯೋ ಎಂದು ನಿನ್ನವರ ಪಟ್ಟಿಯಲ್ಲಿ ಒಂದೇ ಅಳತೆಗೆ ತಂದು ನೋಡಲಿ. 23ರಲ್ಲಿ ಅರ್ಧ ಹೆಸರು ಅಲ್ಲೇ ಬಿದ್ದು ಹೋಗುತ್ತವೆ. ಹೊರಗಿನ ಸುತ್ತಾಟ, ಸ್ಪಾ ಎಲ್ಲ ಸಾಮಾನ್ಯವಾಗಿ ಪ್ರತ್ಯೇಕ.

ಬಟ್ಟೆಯ ಬಗ್ಗೆ ಒಂದೇ ಮಾತು. ಉದ್ದ ತೋಳಿನ ಈಜುಬಟ್ಟೆ, ಲೆಗ್ಗಿಂಗ್ಸ್ ಹಾಕಿಕೊ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಬುಕ್ ಮಾಡುವ ಮೊದಲು ವಿವರ ಪೂರ್ತಿ ಓದಿ. ‘ಅಡಲ್ಟ್ಸ್ ಓನ್ಲಿ’ ಅಂದರೆ ಮಕ್ಕಳಿಲ್ಲ ಅಂತ. ‘ಕ್ಲೋದಿಂಗ್ ಆಪ್ಷನಲ್’ ಅಂದರೆ ಬೇರೆ. ನೆಗ್ರಿಲ್‌ನಲ್ಲಿ ಎರಡೂ ಇವೆ.

ಈಗ ನಿನ್ನ ಕೊನೆಯ ಮಾತು, ಏಳು ದಿನ ಇಬ್ಬರೇ ಕೂತು ಏನು ಮಾತಾಡೋದು ಅನ್ನುವ ಭಯ. ಪೂರ್ತಿ ಪತ್ರದಲ್ಲಿ ನೀನು ನಿಜವಾಗಿ ಕೇಳಿದ್ದು ಅದೊಂದೇ ಅಂತ ನನಗೆ ಅನಿಸಿತು. ಐದು ತಿಂಗಳ ಮದುವೆ ಅನ್ನುತ್ತೀಯ, ಒಟ್ಟಿಗೆ ಇದ್ದದ್ದು ಎರಡೂವರೆ ತಿಂಗಳು, ಅದರಲ್ಲೂ ಅವರು ಹಗಲೆಲ್ಲ ಆಫೀಸು. ಭಯ ಇರದಿದ್ದರೆ ಆಶ್ಚರ್ಯ.

ನೋಡು, ಹೊಸ ಜೋಡಿ ಮಾತು ಕಲಿಯುವುದು ಕೂತು ಮಾತಾಡಿ ಅಲ್ಲ. ಮಧ್ಯಾಹ್ನ ಎಲ್ಲಿ ತಿನ್ನೋಣ, ಈ ಟ್ಯಾಕ್ಸಿಯವನು ಹೆಚ್ಚು ಕೇಳುತ್ತಿದ್ದಾನಾ, ದಾರಿ ಎಡಕ್ಕೋ ಬಲಕ್ಕೋ, ಛತ್ರಿ ಮರೆತಿದ್ದು ಯಾರು, ಇಂಥದ್ದರಿಂದ. ಎಲ್ಲ ಸೇರಿದ ರೆಸಾರ್ಟ್ ಈ ಸಣ್ಣ ಕೆಲಸಗಳನ್ನೆಲ್ಲ ನಿಮ್ಮ ಕೈಯಿಂದ ಕಿತ್ತುಕೊಳ್ಳುತ್ತದೆ. ಬಿಲ್ಲಿಲ್ಲ, ದಾರಿಯಿಲ್ಲ, ತೀರ್ಮಾನವಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿ ಸುಸ್ತಾದವರಿಗೆ ಅದು ಸ್ವರ್ಗ. ಈಗಷ್ಟೇ ಪರಿಚಯವಾಗುತ್ತಿರುವವರಿಗೆ ಏಳು ದಿನ ಎದುರುಬದುರು ಎರಡು ಆರಾಮ ಕುರ್ಚಿ, ನಡುವೆ ಮೌನ. ನನ್ನ ಮಗಳೂ ಅಳಿಯನೂ ಮೂರನೇ ದಿನಕ್ಕೆ ಒಬ್ಬೊಬ್ಬರು ಒಂದೊಂದು ಫೋನು ಹಿಡಿದಿದ್ದರು, ಅವರದು ಆಗ ಆರು ವರ್ಷದ ಮದುವೆ.

ಆದ್ದರಿಂದ ನೀನು ಕೇಳಿದ ಒಂದೇ ಹೆಸರನ್ನು ನಾನು ಹೇಳುವುದಿಲ್ಲ, ಹೀಗೆ ಮಾಡಿ ಅನ್ನುತ್ತೇನೆ. ಏಳು ರಾತ್ರಿ ಬೇಡ, ಒಟ್ಟು ಆರು. ಮೊದಲ ನಾಲ್ಕು ನೆಗ್ರಿಲ್‌ನಲ್ಲಿ, ಮರಳಿನ ಮೇಲೇ ಇರುವ, ತುಂಬ ದೊಡ್ಡದಲ್ಲದ, ದೊಡ್ಡವರಿಗೆ ಮಾತ್ರ ಇರುವ ಎಲ್ಲ ಸೇರಿದ ರೆಸಾರ್ಟ್. ನಿದ್ದೆ ಮಾಡಿ, ಸಮುದ್ರದಲ್ಲಿ ಸೊಂಟಮಟ್ಟ ನಿಲ್ಲಿ. ಉಳಿದ ಎರಡು ರಾತ್ರಿ ಓಚೊ ರಿಯೋಸ್ ಕಡೆ ಯಾವುದಾದರೂ ಸಣ್ಣ ಅತಿಥಿಗೃಹ, ಬೆಳಗಿನ ತಿಂಡಿ ಮಾತ್ರ ಸೇರಿದ್ದು. ಉಳಿದ ಊಟ ನೀವೇ ಹುಡುಕಿಕೊಳ್ಳಬೇಕು. ಎರಡೂ ಊರಿನ ನಡುವೆ ಮಾಂಟೆಗೋ ಬೇ ಬರುತ್ತದೆ, ವಿಮಾನಕ್ಕೂ ಅನುಕೂಲ.

ಓಚೊ ರಿಯೋಸ್ ಹತ್ತಿರ ಡನ್ಸ್ ರಿವರ್ ಅನ್ನುವ ಜಲಪಾತ ಇದೆ. ಜೋಗದ ಥರ ದೂರದಿಂದ ನೋಡುವುದಲ್ಲ. ಮೆಟ್ಟಿಲು ಮೆಟ್ಟಿಲಾಗಿ ಸಮುದ್ರಕ್ಕೇ ಇಳಿಯುವ ನೀರು, ಕೆಳಗಿನಿಂದ ಮೇಲಕ್ಕೆ ನೀರಿನಲ್ಲೇ ಹತ್ತುತ್ತಾ ಹೋಗುವುದು. ಹತ್ತುವವರೆಲ್ಲ ಸಾಲಾಗಿ ಕೈ ಹಿಡಿದುಕೊಳ್ಳುತ್ತಾರೆ. ಕಲ್ಲು ಜಾರುತ್ತದೆ, ರಬ್ಬರ್ ಶೂ ಬೇಕು. ಈಜು ಬೇಡ. ನಾನು ಅರವತ್ತರ ಹತ್ತಿರದ ವಯಸ್ಸಿನಲ್ಲಿ ಹತ್ತಿದೆ. ಯಜಮಾನರು ಮದುವೆಯಾದ ಮೇಲೆ ಅಷ್ಟು ಜನರ ಎದುರು ನನ್ನ ಕೈ ಹಿಡಿದದ್ದು ಅದೇ ಮೊದಲು, ಅದೂ ಬೀಳುವ ಭಯಕ್ಕೆ. ಮೆಲಿಸ್ಸಾ ನಂತರ ಹೇಗಿದೆ, ತೆರೆದಿದೆಯಾ ಎಂದು ಮೊದಲೇ ವಿಚಾರಿಸಿ.

ನಿನ್ನ ಭಯವನ್ನು ಅವರಿಗೂ ಹೇಳು. ಹೊರಡುವ ಮೊದಲೇ, ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಹೇಳಿದರೆ ಸಾಕು. 23 ರೆಸಾರ್ಟು, ಹದಿನಾಲ್ಕು ಕಾಲಂ ಮಾಡಿ ಕೂತ ಗಂಡಸು ಏನನ್ನೋ ಮುಂದೂಡುತ್ತಿದ್ದಾನೆ ಎಂದು ನನಗೆ ಗುಮಾನಿ. ಅವರಿಗೂ ಅದೇ ಭಯ ಇದ್ದೀತು. ಹನಿಮೂನ್ ಅಂದಮಾತ್ರಕ್ಕೆ ಆ ಆರು ರಾತ್ರಿಯಲ್ಲಿ ಹೀಗೇ ಆಗಬೇಕು ಅನ್ನುವ ಗಡುವೂ ಇಲ್ಲ, ಅದನ್ನೂ ಇಬ್ಬರೂ ಬಾಯಿಬಿಟ್ಟು ಒಪ್ಪಿಕೊಂಡರೆ ಭಾರ ಇಳಿಯುತ್ತದೆ.

ಅತ್ತೆಯವರಿಗೆ ಮಾತ್ರ ಮುಂಚೆಯೇ ಸಮಯ ಹೇಳಿಡಿ. ಜಮೈಕಾದ ಗಡಿಯಾರ ನಮ್ಮದಕ್ಕಿಂತ ಹತ್ತೂವರೆ ಗಂಟೆ ಹಿಂದೆ. ಅವರು ಬೆಳಿಗ್ಗೆ ಒಂಬತ್ತಕ್ಕೆ ಪೂಜೆ ಮುಗಿಸಿ ವಿಡಿಯೋ ಕಾಲ್ ಮಾಡಿದರೆ ನಿಮಗೆ ರಾತ್ರಿ ಹತ್ತೂವರೆ. ಸಂಜೆ ದೀಪ ಹಚ್ಚಿದ ಮೇಲೆ ಮಾಡಲಿ, ನೀವು ತಿಂಡಿಗೆ ಕೂತಿರುತ್ತೀರಿ, ಕ್ಯಾಲಲೂ ತೋರಿಸಿ. ಹೋಗುವಾಗ ಚಟ್ನಿಪುಡಿ ಒಂದು ಸಣ್ಣ ಪೊಟ್ಟಣ ಇರಲಿ, ಆ ಸೊಪ್ಪಿಗೆ ಬೇಕಾಗುತ್ತದೆ.